ನೆಲದಡಿ ಗಾಳಿ ಪೈಪು: ಹಾಕಿಸುವುದು ಹೇಗೆ?

ಜೈಸಲ್ಮೇರ್ ಕಡೆ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ, ಚಳಿಗಾಲದ ರಾತ್ರಿ 10ಕ್ಕಿಂತ ಕೆಳಗಿಳಿಯುತ್ತದೆ. ಮೂರು-ನಾಲ್ಕು ಮೀಟರ್ ಆಳದ ಮಣ್ಣಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ. ಅಲ್ಲಿ ಪೈಪು ಹೂತು ಗಾಳಿ ಹಾಯಿಸಿದರೆ ಸೆಕೆಗಾಲದಲ್ಲಿ ತಂಪಾಗಿ, ಚಳಿಯಲ್ಲಿ ಬೆಚ್ಚಗೆ ಮನೆಯೊಳಗೆ ಬರುತ್ತದೆ. ಗುರುಗ್ರಾಮದ ಹತ್ತಿರ ಟೆರಿ ಎಂಬ ಇಂಧನ ಸಂಶೋಧನಾ ಸಂಸ್ಥೆಯ ರಿಟ್ರೀಟ್ ಎಂಬ ಕಟ್ಟಡಕ್ಕೆ 4 ಮೀಟರ್ ಆಳದಲ್ಲಿ ತಲಾ 70 ಮೀಟರ್ ಉದ್ದದ ನಾಲ್ಕು ಸುರಂಗ ಹಾಕಿದ್ದಾರೆ.

ಬೆಂಗಳೂರಲ್ಲೂ ಕೆಲವರು ಹಾಕಿಸುತ್ತಿದ್ದಾರೆ. ನಾನು ನೋಡಿದ ಎರಡು ಮನೆಗಳಲ್ಲಿ ಮೊದಲ ಮಳೆಗಾಲಕ್ಕೇ ಮುಗ್ಗಲು ವಾಸನೆ ಬಂತು. ಎರಡೂ ಕಡೆ, ತೇವದ ಗಾಳಿ ತಂಪು ಪೈಪಿಗೆ ತಾಗಿ ಹನಿಗಟ್ಟಿದ ನೀರು ಹರಿದುಹೋಗದೆ ಒಳಗೇ ನಿಂತಿತ್ತು.

1. ಮೂರು ಮೀಟರ್ ಆಳ ತೋಡಿಸಿ. ನಮ್ಮಲ್ಲಿ ಬೇಗ ಬಂಡೆ ಸಿಗುತ್ತದೆ, ಮೊದಲು ಒಂದು ಗುಂಡಿ ತೆಗೆದು ನೋಡಿ. ಗೋಡೆಗೆ ಆಸರೆ ಕೊಡದೆ ಯಾರನ್ನೂ ಒಳಗೆ ಇಳಿಸಬೇಡಿ.

2. ಒಂದು ರೂಮಿಗೆ 6 ಇಂಚಿನ ಗಟ್ಟಿ ಪಿವಿಸಿ ಪೈಪು, 30 ಮೀಟರ್. ಅಗ್ಗಕ್ಕೆ ಸಿಗುವ ಸುರುಳಿ ಪೈಪು ಬೇಡವೇ ಬೇಡ, ಅದರ ಮಡಿಕೆ ಮಡಿಕೆಯಲ್ಲೂ ನೀರು ಕೂರುತ್ತದೆ.

3. ಕೆಲಸ ಕೆಡುವುದು ಇಳಿಜಾರಿನಲ್ಲಿ. ಮನೆಯಿಂದ ಹೊರಗಿನ ಚೇಂಬರ್ (ಪೈಪಿನ ನೀರು ಬಂದು ಸೇರುವ ಗುಂಡಿ) ಕಡೆಗೆ ಮೀಟರಿಗೆ 2 ಸೆಂಟಿಮೀಟರ್ ಇಳಿಯಬೇಕು. 6 ಮೀಟರ್ ಪೈಪಿಗೆ 12, ಒಟ್ಟು 60 ಸೆಂಟಿಮೀಟರ್. ಬರೀ ರಸಮಟ್ಟ ನಂಬಬೇಡಿ. ಟ್ಯೂಬ್ ಲೆವೆಲ್ (ನೀರು ತುಂಬಿದ ಪಾರದರ್ಶಕ ಟ್ಯೂಬು) ಹಿಡಿದು, ಒಳಗೆ ಗುಳ್ಳೆ ಇಲ್ಲವೆಂದು ನೋಡಿಕೊಂಡು, ಮೂರು ಮೀಟರಿಗೊಂದು ಗೂಟ ಹೊಡೆದು ದಾರ ಕಟ್ಟಿ. ಮೇಸ್ತ್ರಿಗಳು ಪೈಪಿನಡಿ ಅಲ್ಲಲ್ಲಿ ಇಟ್ಟಿಗೆ ಇಟ್ಟು ಮಟ್ಟ ಮಾಡುತ್ತಾರೆ. ಬಿಡಬೇಡಿ! ಮೇಲೆ ಮಣ್ಣು ಬಿದ್ದಾಗ ಇಟ್ಟಿಗೆಗಳ ನಡುವೆ ಪೈಪು ಜೋತುಬೀಳುತ್ತದೆ, ನೀರು ನಿಲ್ಲುವುದು ಅಲ್ಲೇ. ಜರಡಿ ಹಿಡಿದ ಮಣ್ಣು ಹಾಸಿ, ದಮ್ಮಸ್ಸು ಮಾಡಿ, ಅದರ ಮೇಲೆ ಪೈಪು ಪೂರ್ತಿ ಕೂರಬೇಕು. ಗಮ್ ಒಣಗಿದ ಮೇಲೆ ಮನೆ ಕಡೆಯಿಂದ ಒಂದು ಬಕೆಟ್ ನೀರು ಸುರಿಯಿರಿ. ಚೇಂಬರಿನಲ್ಲಿ ಹೆಚ್ಚುಕಡಿಮೆ ಅಷ್ಟೂ ಬಂದರೆ ಸರಿ. ಅರ್ಧ ಬಕೆಟ್ ಬಂತು ಅಂದರೆ ಒಳಗೆ ತಗ್ಗಿದೆ ಅಥವಾ ಜಾಯಿಂಟ್ ಸೋರುತ್ತಿದೆ. ಮಣ್ಣು ಮುಚ್ಚುವ ಮೊದಲೇ ಬಿಚ್ಚಿ ಸರಿಮಾಡಿಸಿ.

4. ಒದ್ದೆ ಮಣ್ಣನ್ನು ಅರ್ಧರ್ಧ ಅಡಿ ಹಾಕಿ ಗುದ್ದಿಸಿ. ಒಣ ಮರಳು, ಕಟ್ಟಡದ ಕಸ ಬೇಡ, ಸಂದುಗಳಲ್ಲಿ ಗಾಳಿ ಉಳಿದರೆ ಶಾಖ ದಾಟುವುದಿಲ್ಲ.

5. ಗಾಳಿ ಒಳಗೆಳೆಯುವ ಬಾಯಿ ನೆಲದಿಂದ ಒಂದೂವರೆ ಮೀಟರ್ ಮೇಲಿರಲಿ, ಸೊಳ್ಳೆ ಜಾಲರಿ ಹಾಕಿಸಿ. ಮನೆ ಕಡೆ ಫ್ಯಾನ್.

ಇದು ಏಸಿ ಅಲ್ಲ. ದಿನವಿಡೀ ಓಡಿಸಿದರೆ ಪೈಪಿನ ಸುತ್ತಲ ಮಣ್ಣೇ ಕಾಯುತ್ತದೆ, ರಾತ್ರಿ ಅದಕ್ಕೆ ಬಿಡುವು ಕೊಡಿ. ಹೇಗೂ ನಮ್ಮೂರಲ್ಲಿ ರಾತ್ರಿ ಕಿಟಕಿ ತೆರೆದರೆ ಸಾಕಲ್ವಾ? ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಪೈಪಿನ ಬಾಯಿ ಮುಚ್ಚಿಬಿಡಿ, ತಿಂಗಳಿಗೊಮ್ಮೆ ಚೇಂಬರ್ ತೆರೆದು ಬಂದ ನೀರು ತೆಗೆಯಿರಿ.