ಹನಿಮೂನಿಗೆ ಅಂಡಮಾನ್: ಬೀಗರೂಟ ಮುಗಿಸಿ ಹೊರಡಿ

ಮದುವೆಯ ಮರುದಿನಕ್ಕೇ ಟಿಕೆಟ್ ಮಾಡಿಸಬೇಡಿ. ಬೀಗರೂಟ, ಸತ್ಯನಾರಾಯಣ ಪೂಜೆ ಎಲ್ಲಾ ಮುಗಿಯಲಿ. ಬಸವನಗುಡಿಯ ನಮ್ಮ ಮನೆಯಂಥ ಮನೆಯಾದರೆ ಇನ್ನೂ ಎರಡು ದಿನ ಸೇರಿಸಿಕೊಳ್ಳಿ, ನೆಂಟರು ಅಷ್ಟು ಬೇಗ ಬಿಡಲ್ಲ.

ಮಾಘ, ಫಾಲ್ಗುಣದಲ್ಲಿ ಮದುವೆಯಾದವರಿಗೆ ಅಂಡಮಾನ್ ಹೇಳಿ ಮಾಡಿಸಿದ ಜಾಗ. ಆಗ ಸಮುದ್ರ ಶಾಂತವಾಗಿರುತ್ತದೆ. ಮೇ ಕೊನೆಯಿಂದ ಮಳೆ, ಹಡಗು ರದ್ದಾಗುವುದೂ ಜಾಸ್ತಿ. ಪಾಸ್‌ಪೋರ್ಟ್ ಬೇಡ.

ವಿಮಾನ ಇಳಿಯುವ ಊರು ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯ ಪುರಂ. ಅಲ್ಲಿಂದ ಹಡಗಿನಲ್ಲಿ ಹೋಗುವ ಹ್ಯಾವ್‌ಲಾಕ್ ದ್ವೀಪ 2018ರಿಂದ ಸ್ವರಾಜ್ ದ್ವೀಪ. ಬುಕಿಂಗ್ ಮಾಡುವಾಗ ಎರಡೂ ಹೆಸರಲ್ಲಿ ಹುಡುಕಿ. ವಾಪಸ್ ಬರುವ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಉಳಿಯಿರಿ. ಹ್ಯಾವ್‌ಲಾಕಿನ ಹಡಗು ತಪ್ಪಿದರೆ ವಿಮಾನವೂ ತಪ್ಪುತ್ತೆ, ಅಲ್ವಾ?

ಅಲ್ಲಿನ ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಬೇಗ ಮುಳುಗುತ್ತಾನೆ. ಜನವರಿಯಲ್ಲಿ ಐದೂವರೆಗೆಲ್ಲಾ ಕತ್ತಲು ಶುರು. ಹಾಗಾಗಿ ಸೂರ್ಯಾಸ್ತ ನೋಡಲು ಹ್ಯಾವ್‌ಲಾಕಿನ ರಾಧಾನಗರ ಬೀಚಿಗೆ ನಾಲ್ಕಕ್ಕೇ ಹೋಗಿ ಕೂರಿ. ಸೂರ್ಯೋದಯಕ್ಕೆ ಅಲ್ಲಿನದೇ ಕಾಲಾಪತ್ಥರ್ ಬೀಚು. ಅಷ್ಟು ಬೇಗ ಗಂಡನನ್ನು ಎಬ್ಬಿಸುವುದು ನಿಮಗೆ ಬಿಟ್ಟದ್ದು!

ಹ್ಯಾವ್‌ಲಾಕಿನ ಎಲಿಫೆಂಟ್ ಬೀಚಿನಲ್ಲಿ ಸ್ನಾರ್ಕೆಲಿಂಗ್ (ಉಸಿರಾಟದ ಕೊಳವೆ ಹಾಕಿ ತೇಲುತ್ತಾ ನೀರಿನೊಳಗೆ ನೋಡುವುದು) ಮಾಡಲೇಬೇಕು. ಹೊಸ ಕರಿಮಣಿ ಸರ ಲೈಫ್ ಜಾಕೆಟಿನ ಬಕಲ್‌ಗೆ ಸಿಕ್ಕಿಕೊಳ್ಳುತ್ತೆ. ನಾನು ಅದನ್ನು ಕುತ್ತಿಗೆಗೆ ಎರಡು ಸುತ್ತು ಸುತ್ತಿ, ಸೇಫ್ಟಿ ಪಿನ್ ಹಾಕಿ ಟೀ ಶರ್ಟಿನೊಳಗೆ ಸೇರಿಸಿದೆ. ಉಂಗುರಗಳು ರೂಮಿನಲ್ಲೇ ಇರಲಿ, ಒದ್ದೆ ಬೆರಳಿಂದ ಜಾರಿದರೆ ಸಮುದ್ರದಲ್ಲಿ ಎಲ್ಲಿ ಹುಡುಕ್ತೀರಿ? ಮೆಹೆಂದಿ ಬೇಗ ಮಾಸುತ್ತೆ, ಫೋಟೋ ಮೊದಲೇ ತೆಗೆದುಕೊಳ್ಳಿ.

ದಡದಲ್ಲಿ ಸಿಕ್ಕ ಹವಳ, ಚಿಪ್ಪು ಬ್ಯಾಗಿಗೆ ಹಾಕಬೇಡಿ, ಏರ್‌ಪೋರ್ಟಿನಲ್ಲಿ ಹಿಡಿಯುತ್ತಾರೆ. ಅತ್ತೆಗೆ ಏನಾದರೂ ಬೇಕಿದ್ದರೆ ಸರ್ಕಾರಿ ಮಳಿಗೆಯಲ್ಲಿ ಕೊಂಡು ಬಿಲ್ ಇಟ್ಟುಕೊಳ್ಳಿ.