ಎಲೆಕ್ಟೋರಲ್ ಕಾಲೇಜ್ ಜಗಳಕ್ಕೆ ಇಳಿಯುವ ಮುಂಚೆ

ಚುನಾವಣೆ ವರ್ಷದಲ್ಲಿ ನಮ್ಮ ನ್ಯೂಜೆರ್ಸಿ ಕನ್ನಡದವರ ಪಾಟ್‌ಲಕ್‌ಗೆ ಹೋದರೆ ಈ ಜಗಳ ಗ್ಯಾರಂಟಿ: ಅಮೆರಿಕದ ಅಧ್ಯಕ್ಷರನ್ನು ಜನರ ಒಟ್ಟು ವೋಟಿನಿಂದಲ್ಲ, ಪ್ರತಿ ರಾಜ್ಯದ ಎಲೆಕ್ಟರ್‌ಗಳೆಂಬ ಪ್ರತಿನಿಧಿಗಳ ವೋಟಿನಿಂದ ಆರಿಸುವ ಎಲೆಕ್ಟೋರಲ್ ಕಾಲೇಜ್ ಪದ್ಧತಿ ಬೇಕೋ ಬೇಡವೋ ಅಂತ. ಸುಮ್ನೆ ಗಂಟಲು ಹರಿದುಕೊಳ್ಳುವ ಬದಲು ಪೇಪರ್ ಪ್ಲೇಟಿನ ಹಿಂದೆಯೇ ಲೆಕ್ಕ ಹಾಕಿ.

ರಾಜ್ಯಕ್ಕೆ ಸಂಸತ್ತಿನ ಕೆಳಮನೆಯಾದ ಹೌಸ್‌ನಲ್ಲಿ ಎಷ್ಟು ಸೀಟಿದೆಯೋ ಅದಕ್ಕೆ ಮೇಲ್ಮನೆಯಾದ ಸೆನೆಟಿನ ಎರಡು ಸೇರಿಸಿ. ಅಷ್ಟೇ ಎಲೆಕ್ಟರ್‌ಗಳು. ನಮಗೆ 12 ಮತ್ತು 2, ಒಟ್ಟು 14. ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯ 3 ಸೇರಿ ದೇಶಕ್ಕೆಲ್ಲ 538, ಗೆಲ್ಲಲು 270. ಈಗ ಜನಸಂಖ್ಯೆಯನ್ನು ಭಾಗಿಸಿ. 2020ರ ಜನಗಣತಿ ಪ್ರಕಾರ ಪುಟ್ಟ ವಯೋಮಿಂಗ್‌ನಲ್ಲಿ ಸುಮಾರು 1.92 ಲಕ್ಷ ಜನಕ್ಕೆ ಒಬ್ಬ ಎಲೆಕ್ಟರ್. ಕ್ಯಾಲಿಫೋರ್ನಿಯಾದಲ್ಲಿ 7.3 ಲಕ್ಷಕ್ಕೆ ಒಬ್ಬ.

ಆದರೆ ಅಸಲಿ ತಕರಾರು ಬೇರೆ. ಮೇನ್, ನೆಬ್ರಾಸ್ಕಾ ಬಿಟ್ಟರೆ ಎಲ್ಲ ಕಡೆ ರಾಜ್ಯದಲ್ಲಿ ಗೆದ್ದವರಿಗೇ ಅಲ್ಲಿನ ಎಲೆಕ್ಟರ್‌ಗಳೆಲ್ಲ. 2000ದ ಅಧ್ಯಕ್ಷ ಚುನಾವಣೆಯಲ್ಲಿ ಫ್ಲೋರಿಡಾದಲ್ಲಿ ಬುಷ್ ಗೆದ್ದ ಅಂತರ 537 ವೋಟು. 25 ಎಲೆಕ್ಟರ್‌ಗಳೂ ಅವರಿಗೇ ಹೋದರು. ದೇಶದಲ್ಲೆಲ್ಲ ಬುಷ್‌ಗಿಂತ 5 ಲಕ್ಷಕ್ಕೂ ಜಾಸ್ತಿ ವೋಟು ಪಡೆದ ಎದುರಾಳಿ ಗೋರ್ ಸೋತರು.

ಆಗ ಯಾರಾದರೂ 'ಇದಿಲ್ಲದಿದ್ರೆ ಕೇಂದ್ರ ಸರ್ಕಾರ ರಾಜ್ಯಗಳನ್ನು ನುಂಗಿಬಿಡುತ್ತೆ' ಅಂದೇ ಅನ್ನುತ್ತಾರೆ. ಅವರಿಗೆ ಫಿಲ್ಬರ್ನ್ ಕಥೆ ಹೇಳಿ. ಓಹಾಯೋದ ರೈತ ಈತ. 11 ಎಕರೆಯಷ್ಟು ಗೋಧಿ ಬೆಳೆಯಲು ಕೇಂದ್ರದ ಅನುಮತಿ, ಬಿತ್ತಿದ್ದು 23. ಹೆಚ್ಚುವರಿ ಬೆಳೆಗೆ ದಂಡ ಬಿತ್ತು. ಅದು ನನ್ನ ಹೊಲಮನೆಗೆ, ದನಕೋಳಿಗೆ ಅಂತ ವಾದಿಸಿದ. 1942ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಎಲ್ಲರೂ ಹೀಗೆ ತಮಗೆ ಬೇಕಾದ್ದನ್ನು ತಾವೇ ಬೆಳೆದುಕೊಂಡರೆ ಮಾರುಕಟ್ಟೆಯ ಬೆಲೆಗೆ ಪೆಟ್ಟು, ಆದ್ದರಿಂದ ಅದೂ ಕೇಂದ್ರದ ಹಿಡಿತಕ್ಕೆ ಬರುವ ಅಂತರರಾಜ್ಯ ವ್ಯಾಪಾರದ ವಿಷಯವೇ ಎಂದಿತು. ಸ್ವಂತ ದನಕ್ಕೆ ಹಾಕುವ ಗೋಧಿ! 1984ರಲ್ಲಂತೂ ಕುಡಿಯುವ ವಯಸ್ಸನ್ನು 21 ಮಾಡದ ರಾಜ್ಯಕ್ಕೆ ಕೇಂದ್ರ ಕೊಡುವ ಹೆದ್ದಾರಿ ದುಡ್ಡಿಗೆ ಕತ್ತರಿ ಎಂದರು. ರಾಜ್ಯಗಳು ಗೊಣಗಿದರೂ ಬಗ್ಗಿದವು.

ಇಷ್ಟೆಲ್ಲ ಆದಾಗಲೂ ಎಲೆಕ್ಟೋರಲ್ ಕಾಲೇಜ್ ಇತ್ತು, ಅಲ್ವಾ? ಅದು ಏನನ್ನೂ ತಡೆಯಲಿಲ್ಲ. ಕೇಂದ್ರದ ಕೈ ಕಟ್ಟುವುದು ಕಾಂಗ್ರೆಸ್ (ಅಂದರೆ ಸಂಸತ್ತು) ಮತ್ತು ಕೋರ್ಟಿನ ಕೆಲಸ. ಆ ಕೈ ನನ್ನ ಅಡುಗೆಮನೆವರೆಗೂ ಬರುವುದಾದರೆ ಅಧ್ಯಕ್ಷರನ್ನು ಆರಿಸುವಾಗ ನನ್ನ ವೋಟಿಗೂ ವಯೋಮಿಂಗ್ ವೋಟಿನಷ್ಟೇ ತೂಕ ಇರಲಿ ಎನ್ನುವುದು ನನ್ನ ವಾದ. ಚಿಕ್ಕ ರಾಜ್ಯದವರು ಇದೇ ಕಾರಣಕ್ಕೆ ನಮಗೆ ಇನ್ನೂ ರಕ್ಷಣೆ ಬೇಕು ಅನ್ನುತ್ತಾರೆ. ಅದನ್ನು ತಳ್ಳಿಹಾಕಬೇಡಿ, ಕೇಳಿಸಿಕೊಳ್ಳಿ.

'ಹಾಗಾದ್ರೆ ತೆಗೆದುಹಾಕಿಬಿಡಿ' ಎನ್ನುವವರಿಗೆ ಕಡೆಯ ಲೆಕ್ಕ: ಸಂವಿಧಾನ ತಿದ್ದುಪಡಿಗೆ ಎರಡೂ ಸದನಗಳಲ್ಲಿ ಮೂರರಲ್ಲಿ ಎರಡು ಭಾಗ, ಮೇಲೆ 38 ರಾಜ್ಯಗಳ ಒಪ್ಪಿಗೆ. 1969ರಲ್ಲಿ ಇಂಥ ತಿದ್ದುಪಡಿಯನ್ನು ಹೌಸ್ 338–70ರಿಂದ ಪಾಸು ಮಾಡಿತ್ತು. ಮರುವರ್ಷ ಸೆನೆಟ್‌ನಲ್ಲಿ ವಿರೋಧಿಗಳು ಮಾತು ಮುಗಿಸಲೇ ಇಲ್ಲ, ತಿದ್ದುಪಡಿ ಅಲ್ಲೇ ಬಿದ್ದುಹೋಯಿತು.