ರಕ್ತಕಣಗಳ ಅನುಪಾತವನ್ನು ರೆಟಿನಾದ ಪಕ್ಕದಲ್ಲಿಟ್ಟು ಓದಿದ ಅನುಭವ

ಮಧುಮೇಹಿಗಳ ಕಣ್ಣು ಪರೀಕ್ಷಿಸುವಾಗ ಅವರ ಕಡತದಲ್ಲಿರುವ ಸಿಬಿಸಿ (ರಕ್ತಕಣಗಳ ಪೂರ್ಣ ಎಣಿಕೆ) ವರದಿಯಿಂದ ನ್ಯೂಟ್ರೋಫಿಲ್ ಮತ್ತು ಲಿಂಫೋಸೈಟ್ ಎಂಬ ಎರಡು ಬಗೆಯ ಬಿಳಿ ರಕ್ತಕಣಗಳ ಅನುಪಾತವನ್ನು ಲೆಕ್ಕ ಹಾಕಿ, ಫಂಡಸ್ (ಕಣ್ಣಿನ ಹಿಂಭಾಗದ ಒಳಮೈ) ಚಿತ್ರದ ಪಕ್ಕದಲ್ಲೇ ಬರೆದಿಡುವ ರೂಢಿಯನ್ನು ನಾನು ಮಾಡಿಕೊಂಡಿದ್ದೇನೆ. ಸಕ್ಕರೆ ಹೆಚ್ಚಿದ ರಕ್ತದಲ್ಲಿ ಬಿಳಿ ಕಣಗಳು ರೆಟಿನಾದ (ಅಕ್ಷಿಪಟಲದ) ಸೂಕ್ಷ್ಮ ರಕ್ತನಾಳಗಳ ಒಳಗೋಡೆಗೆ ಅಂಟಿಕೊಂಡು ಹರಿವಿಗೆ ಅಡ್ಡಿಯಾಗುತ್ತವೆ, ಗೋಡೆಯನ್ನು ಘಾಸಿಗೊಳಿಸಿ ಸೋರಿಕೆಗೂ ದಾರಿ ಮಾಡಿಕೊಡುತ್ತವೆ. ಹಾಗಾಗಿ ಈ ಉರಿಯೂತದ ಸುಳಿವು ರಕ್ತದ ಎಣಿಕೆಯಲ್ಲೂ ಕಾಣಬಹುದೆಂಬುದು ನನ್ನ ಆಸಕ್ತಿಯ ಮೂಲ.

ಲೆಕ್ಕ ಸುಲಭ. ನ್ಯೂಟ್ರೋಫಿಲ್ 5,400, ಲಿಂಫೋಸೈಟ್ 1,800 ಇದ್ದರೆ ಅನುಪಾತ 3. ಪ್ಲೇಟ್‌ಲೆಟ್ ಸಂಖ್ಯೆಯನ್ನು ಈ 3ರಿಂದ ಗುಣಿಸಿದರೆ ವ್ಯವಸ್ಥಿತ ಉರಿಯೂತ ಸೂಚ್ಯಂಕ ಸಿಗುತ್ತದೆ. ಆದರೆ ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ರಾಸಾಯನಿಕ ಸೇರಿಸಿದ ನಳಿಕೆಯಲ್ಲಿ ಕೆಲವರ ಪ್ಲೇಟ್‌ಲೆಟ್‌ಗಳು ಗುಂಪುಗೂಡಿ ಯಂತ್ರಕ್ಕೆ ಕಡಿಮೆಯಾಗಿ ಕಾಣುವುದರಿಂದ, ಆ ಸೂಚ್ಯಂಕವನ್ನು ನಾನು ಅಷ್ಟಾಗಿ ನೆಚ್ಚಿಕೊಳ್ಳುವುದಿಲ್ಲ.

ಕಷ್ಟವಿರುವುದು ಅರ್ಥೈಸುವಲ್ಲಿ. ಜ್ವರ, ಮೂತ್ರದ ಸೋಂಕು, ಹಲ್ಲಿನ ಬಾವು, ಇತ್ತೀಚಿನ ಶಸ್ತ್ರಚಿಕಿತ್ಸೆ, ಧೂಮಪಾನ, ಇವೆಲ್ಲವೂ ನ್ಯೂಟ್ರೋಫಿಲ್‌ಗಳನ್ನು ಏರಿಸಬಲ್ಲವು. ಸ್ಟೀರಾಯ್ಡ್ ಮಾತ್ರೆಯಂತೂ ಅವನ್ನು ಏರಿಸುವುದಲ್ಲದೆ ಲಿಂಫೋಸೈಟ್‌ಗಳನ್ನು ಇಳಿಸುತ್ತದೆ, ಸಾಲದೆಂಬಂತೆ ಸಕ್ಕರೆಯನ್ನೂ ಹೆಚ್ಚಿಸುತ್ತದೆ. ಆದ್ದರಿಂದ ಅನುಪಾತ ಹೆಚ್ಚಿದ್ದರೆ ಮೊದಲು ಇವನ್ನು ವಿಚಾರಿಸುತ್ತೇನೆ, ಪಾದಗಳನ್ನು ನೋಡುತ್ತೇನೆ. ಅನುಪಾತ 6ಕ್ಕಿಂತ ಮೇಲಿದ್ದ ಒಬ್ಬರ ರೆಟಿನಾದಲ್ಲಿ ಬೆರಳೆಣಿಕೆಯ ಮೈಕ್ರೋಅನ್ಯೂರಿಸಂಗಳನ್ನು (ಸೂಕ್ಷ್ಮನಾಳಗಳ ಪುಟ್ಟ ಉಬ್ಬುಗಳನ್ನು) ಬಿಟ್ಟರೆ ಬೇರೇನೂ ಇರಲಿಲ್ಲ. ಕಾಲುಚೀಲ ತೆಗೆಸಿದಾಗ ಹೆಬ್ಬೆರಳಿನಡಿ ಕೀವು ತುಂಬಿದ ಹುಣ್ಣಿತ್ತು. ಹುಣ್ಣು ಮಾಗಿದ ಮೇಲೆ ಅನುಪಾತ 2ರ ಆಸುಪಾಸಿಗೆ ಇಳಿಯಿತು, ರೆಟಿನಾ ಇದ್ದಂತೆಯೇ ಇತ್ತು. ಇದಕ್ಕೆ ವ್ಯತಿರಿಕ್ತವಾಗಿ, ಅನುಪಾತ ಪೂರ್ತಿ ಸಹಜವಾಗಿದ್ದ ಮತ್ತೊಬ್ಬರ ದೃಷ್ಟಿನರದ ತಲೆಯ ಮೇಲೆ ಹೊಸ ರಕ್ತನಾಳಗಳ ಜಾಲವೇ ಹಬ್ಬಿತ್ತು, ಅವರಿಗೆ ಲೇಸರ್ ಚಿಕಿತ್ಸೆಯನ್ನು ತಡಮಾಡುವಂತಿರಲಿಲ್ಲ.

ಈ ಎರಡನ್ನೂ ಕಂಡ ಮೇಲೆ, ಅನುಪಾತವನ್ನು ನೋಡಿ ಯಾರ ರೆಟಿನಾ ಪರೀಕ್ಷೆಯನ್ನೂ ಮುಂದೂಡಬಾರದೆಂಬ ನಿಯಮವನ್ನು ನಾನು ಬಿಗಿಯಾಗಿ ಪಾಲಿಸುತ್ತಿದ್ದೇನೆ. ಎರಡನೇ ಬಗೆಯ ಮಧುಮೇಹವಿದ್ದವರು ರೋಗ ಪತ್ತೆಯಾದಾಗಲೇ ಕಣ್ಣಿನ ಪಾಪೆ ಹಿಗ್ಗಿಸಿ ತಪಾಸಣೆ ಮಾಡಿಸಿಕೊಳ್ಳಬೇಕು. ಆ ಬಳಿಕ ಮರುಭೇಟಿಯ ಅಂತರವನ್ನು ನಿರ್ಧರಿಸುವುದು ರೆಟಿನೋಪತಿಯ (ಮಧುಮೇಹದಿಂದ ರೆಟಿನಾಕ್ಕಾದ ಹಾನಿಯ) ಹಂತ, ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯ ಸೂಚಕ), ರಕ್ತದೊತ್ತಡ ಮತ್ತು ಮೂತ್ರಪಿಂಡದ ಸ್ಥಿತಿ. ಬೇರೆ ಕಾರಣ ಸಿಗದೆ ಅನುಪಾತವು ಸತತ ವರದಿಗಳಲ್ಲಿ ಏರುತ್ತಲೇ ಇದ್ದರೆ ಮಾತ್ರ ಮರುಭೇಟಿಯನ್ನು ಸ್ವಲ್ಪ ಹತ್ತಿರಕ್ಕೆ ತರುತ್ತೇನೆ, ಮಧುಮೇಹ ನೋಡುವ ವೈದ್ಯರಿಗೂ ಬರೆದು ತಿಳಿಸುತ್ತೇನೆ.